ಉಪ್ಪಿಲ್ಲದ ಸಾರಿನ ಋಣ

"ಅಜ್ಜಾ, ಸಂಕಟದಲ್ಲಿ ಜೊತೆಗಿದ್ದವರ ಋಣ ಹೇಗೆ ತೀರಿಸಬೇಕು?"

ಕೇಳಿದವನು ಗುರುಪಾದ. ಹೋದ ವರ್ಷ ಅವನ ತಂದೆ ತೀರಿಕೊಂಡಿದ್ದರು. ಬೇರೆ ಯಾರೂ ಇಲ್ಲದವನು ಮಠದ ಜಗಲಿಗೆ ಬಂದು ಬಿದ್ದುಕೊಂಡಿದ್ದ. ಹೆತ್ತವರನ್ನು ಕಳೆದುಕೊಂಡ ಊರಿನ ಕೆಲವರು ಸಂಜೆ ಹೊತ್ತು ಅದೇ ಜಗಲಿಯಲ್ಲಿ ಕೂಡುತ್ತಿದ್ದರು. ಅವರು ಅವನನ್ನು ನಡುವೆ ಕೂಡಿಸಿಕೊಂಡರು. ಅವನು ಎದ್ದು ಓಡಾಡುವಂತಾದ, ಮಠದಲ್ಲೇ ಉಳಿದ, ದಾಸೋಹದಲ್ಲಿ ಬಡಿಸುವ ಕೆಲಸ ಹಿಡಿದ. ಅಂದು ಬೆಳಿಗ್ಗೆ ತಾಯಿಯನ್ನು ಮಣ್ಣು ಮಾಡಿ ಬಂದ ಹೊಸಬನೊಬ್ಬ ಜಗಲಿಯ ಮೂಲೆಯಲ್ಲಿ ಕೂತಿದ್ದ. ಗುರುಪಾದ ಅವನ ಮುಂದೆ ಪ್ರಸಾದದ ತಟ್ಟೆ ಇಟ್ಟು, ಸರಸರ ಒಳಗೆ ಬಂದು ಈ ಪ್ರಶ್ನೆ ಕೇಳಿದ್ದ.

"ನೀನೇ ಏನೋ ಯೋಚಿಸಿಕೊಂಡು ಬಂದಂತಿದೆ. ಹೇಳು" ಅಂದರು ಮಠದ ಅಜ್ಜ.

"ಆ ಜಗಲಿಯವರಿಗೆಲ್ಲ ಹೋಳಿಗೆ ಊಟ ಹಾಕಿಸಿ, ಒಂದೊಂದು ಶಾಲು ಹೊದಿಸೋಣ ಅಂತಿದ್ದೇನೆ."

"ಈ ಬಿಸಿಲಲ್ಲಿ ಶಾಲು ಹೊದಿಸಿ ಅವರನ್ನು ಬೇಯಿಸುತ್ತೀಯಾ? ಕೂತುಕೋ. ಈ ಮೆಂತ್ಯದ ಕಟ್ಟು ಹಿಡಿ, ಸೋಸು. ಸುಮ್ಮನೆ ಕೂತವನಿಗೆ ಕತೆ ಹೇಳುವುದು ನನಗೆ ಆಗದ ಕೆಲಸ."

ಗುರುಪಾದ ಸೊಪ್ಪು ಸೋಸತೊಡಗಿದ. ಅಜ್ಜ ಹೇಳತೊಡಗಿದರು.

ಒಂದು ಓಣಿಯಲ್ಲಿ ನೇಯುವ ಹೆಂಗಸೊಬ್ಬಳಿದ್ದಳು. ತಾಯಿ ನೂಲು ಸುತ್ತಿಕೊಡುತ್ತಿದ್ದಳು, ಮಗಳು ಮಗ್ಗದಲ್ಲಿ ನೇಯುತ್ತಿದ್ದಳು. ಇಬ್ಬರದೇ ಮನೆ. ಒಂದು ದಿನ ತಾಯಿ ಹೋಗಿಬಿಟ್ಟಳು. ಮಗ್ಗ ನಿಂತಿತು. ಮಗ್ಗ ನಿಂತರೆ ನಿಲ್ಲಲಿ ಬಿಡು, ಮಗಳಿಗೆ ಅನ್ನವೇ ಸೇರದಾಯಿತು. ಎತ್ತಿದ ತುತ್ತನ್ನು ಹಾಗೇ ತಟ್ಟೆಗೆ ಇಳಿಸುತ್ತಿದ್ದಳು.

ಸತ್ತವರ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ನಿನಗೆ ಗೊತ್ತು. ಓಣಿಯ ಹೆಂಗಸರು ಸರದಿಯ ಮೇಲೆ ಬುತ್ತಿ ತಂದರು. ಮೊದಲು ಬಂದವಳು ಮೂಲೆಮನೆಯ ಮುದುಕಿ. ಬುತ್ತಿ ಬಿಚ್ಚಿದಳು, ತಾನೂ ಎದುರಿಗೆ ಕೂತಳು. ಉಣ್ಣು ಅನ್ನಲಿಲ್ಲ. ಸಮಾಧಾನ ಮಾಡಿಕೋ ಅಂತಲೂ ಅನ್ನಲಿಲ್ಲ. "ನಿನ್ನ ಅವ್ವ ರೊಟ್ಟಿ ತೆಳ್ಳಗೆ ಬಡಿಯುತ್ತಿದ್ದಳೋ, ದಪ್ಪಗೋ?" ಎಂದು ಕೇಳಿದಳು.

ಸತ್ತ ಮನೆಯಲ್ಲಿ ಇದು ಕೇಳುವ ಮಾತೇ? ಆದರೂ ಮಗಳ ಬಾಯಿ ಬಿಚ್ಚಿತು. ದಪ್ಪಗೆ ಬಡಿಯುತ್ತಿದ್ದಳು, ಅಂಚು ಸೀಯಿಸುತ್ತಿದ್ದಳು, ಅದಕ್ಕೆ ನಾನು ದಿನಾ ಜಗಳ ತೆಗೆಯುತ್ತಿದ್ದೆ ಅಂದಳು. ಹೇಳುತ್ತ ಹೇಳುತ್ತ ಅತ್ತಳು, ಅಳುತ್ತಲೇ ಸಾರಿನಲ್ಲಿ ಅದ್ದಿ ಒಂದು ರೊಟ್ಟಿ ತಿಂದಳು. ಮುದುಕಿಯೂ ಅದೇ ಸಾರಿನಲ್ಲಿ ಅದ್ದಿ ತಿಂದಳು. ಮರುದಿನ ಬಂದವಳೂ ಹಾಗೇ ಕೂತಳು, ಅದರ ಮರುದಿನದವಳೂ ಕೂತಳು. ಬರಬರುತ್ತ ಮಗಳು ಮಗ್ಗಕ್ಕೆ ಇಳಿದಳು.

ಆಮೇಲೆ ಹತ್ತಿತು ನೋಡು, ಅವಳಿಗೂ ನಿನ್ನ ರೋಗ. ಓಣಿಯ ಋಣ ತೀರಿಸಬೇಕು! ಬುತ್ತಿ ತಂದ ಒಬ್ಬೊಬ್ಬಳಿಗೂ ಕುಬಸದ ಖಣ ನೇಯ್ದಳು. ಮೂಲೆಮನೆಗೆ ಒಯ್ದರೆ ಮುದುಕಿ ನಕ್ಕುಬಿಟ್ಟಳು. "ಹುಚ್ಚಿ, ಎರಡು ರೊಟ್ಟಿಗೆ ಖಣ ಕೊಡುತ್ತಾರೇನು? ಸಂತೆಯಲ್ಲಿ ಮಾರಿ ನೂಲು ತಂದುಕೋ" ಅಂದಳು. ಉಳಿದವರೂ ತೆಗೆದುಕೊಳ್ಳಲಿಲ್ಲ. ಹೊತ್ತು ಹೋದ ಗಂಟನ್ನು ಹೊತ್ತುಕೊಂಡೇ ಮನೆಗೆ ಬಂದಳು.

ಸ್ವಲ್ಪ ದಿನಕ್ಕೆ ಅದೇ ಓಣಿಯಲ್ಲಿ ಬುಟ್ಟಿ ಹೆಣೆಯುವವನ ತಂದೆ ತೀರಿಕೊಂಡ. ಆ ಮನೆಯಲ್ಲೂ ಅಪ್ಪ ಮಗ ಇಬ್ಬರೇ. ಇವಳಿಗೆ ದಾರಿ ಸಿಕ್ಕಂತಾಯಿತು. "ಈ ಮನೆಯ ಬುತ್ತಿ ಪೂರ್ತಿ ನನ್ನದು. ನೀವ್ಯಾರೂ ಬರಬೇಡಿ, ನನ್ನ ಭಾರ ಇಳಿಯಲಿ" ಎಂದು ಓಣಿಯವರಿಗೆಲ್ಲ ಹೇಳಿಬಿಟ್ಟಳು. ಪಾಪ, ಅವರು ಒಪ್ಪಿದರು.

ಕೈ ಬಿಚ್ಚಿ ಅಡುಗೆ ಮಾಡಿದಳು. ಬುತ್ತಿ ಕಟ್ಟಿಕೊಂಡು ಬಾಗಿಲಿಗೆ ಹೋದಳು. ಗೂಟದಲ್ಲಿ ಸತ್ತವನ ಕಂಬಳಿ ತೂಗುತ್ತಿತ್ತು. ಕೆಳಗೆ ಅವನು ಅರ್ಧ ಹೆಣೆದು ಬಿಟ್ಟ ಬುಟ್ಟಿ ಇತ್ತು. ಅದನ್ನು ನೋಡಿದವಳು ಹೊಸ್ತಿಲಲ್ಲೇ ನಿಂತಳು. "ಉಣ್ಣು ತಮ್ಮಾ" ಅಂದಳು, ಬುತ್ತಿ ಇಟ್ಟಳು, ತಿರುಗಿ ನೋಡದೆ ಬಂದಳು.

ಸಂಜೆ ಹೋಗಿ ನೋಡಿದರೆ ಬುತ್ತಿ ಬಿಚ್ಚಿಯೇ ಇರಲಿಲ್ಲ. ಗಂಟಿಗೆ ಇರುವೆ ಹತ್ತಿತ್ತು. ಮರುದಿನ ತುಪ್ಪ ಹೆಚ್ಚು ಹಾಕಿದಳು, ಅದನ್ನೂ ಇರುವೆ ತಿಂದವು. ದಿನ ಹೋದಂತೆ ಹುಡುಗ ಸೊರಗಿ, ಗೋಡೆ ಹಿಡಿದೇ ಏಳುವಂತಾದ. ಅಪ್ಪನ ಹಿಂದೆ ಮಗನೂ ಹೊರಟ ಎಂದು ಓಣಿಯವರು ಮಾತಾಡಿಕೊಂಡರು. ಅದು ಕಿವಿಗೆ ಬಿದ್ದದ್ದೇ ಅವಳು ಹೆದರಿ ಮೂಲೆಮನೆಗೆ ಓಡಿದಳು.

"ನನ್ನ ಅಡುಗೆಯಲ್ಲಿ ಏನು ಕಮ್ಮಿಯಾಯಿತು, ಆಯೀ? ಅವನು ಮುಟ್ಟುತ್ತಲೇ ಇಲ್ಲ."

ಮುದುಕಿ ಕೇಳಿದಳು, "ಅವತ್ತು ನಾನು ನಿನಗೆ ತಂದ ಸಾರು ಹೇಗಿತ್ತು?"

"ಅಂಥ ಸಾರು ನಾನು ಉಂಡೇ ಇಲ್ಲ."

"ಉಂಡಿರಲಿಕ್ಕಿಲ್ಲ. ಅದಕ್ಕೆ ಉಪ್ಪೇ ಹಾಕಿರಲಿಲ್ಲ. ಮನೆಯಲ್ಲಿ ಉಳಿದದ್ದನ್ನು ಬಾಯಿಗಿಟ್ಟು ನನ್ನ ಗಂಡ ಹಿಡಿಶಾಪ ಹಾಕಿದ. ನಿನಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ನಿನ್ನ ಅವ್ವನ ಮಾತು ಕೇಳುತ್ತ ಕೂತವಳಿಗೆ ನನ್ನ ಅವ್ವ ನೆನಪಾಗಿದ್ದಳು, ಉಪ್ಪು ಯಾರು ನೋಡುತ್ತಾರೆ? ಅದಿರಲಿ, ಅವನ ಮನೆಯಲ್ಲಿ ನೀನು ಕೂತೆಯಾ?"

ನೇಯುವವಳ ಕಣ್ಣು ತುಂಬಿತು. "ಕೂತರೆ ನನ್ನ ಅವ್ವ ಎದ್ದು ಬರುತ್ತಾಳೆ, ಆಯೀ. ಈಗಷ್ಟೇ ಮಗ್ಗಕ್ಕೆ ಇಳಿದಿದ್ದೇನೆ. ಮತ್ತೆ ಹಾಸಿಗೆ ಹಿಡಿದರೆ ಏನು ಮಾಡಲಿ?"

"ಹಿಡಿ. ನಾವು ಸತ್ತಿದ್ದೇವೇನು? ಮತ್ತೆ ಬುತ್ತಿ ತರುತ್ತೇವೆ."

ಅಂದು ಅವಳು ಮತ್ತೆ ಒಲೆ ಹೊತ್ತಿಸಲಿಲ್ಲ. ಬೆಳಗಿನ ರೊಟ್ಟಿ ಎರಡು ಉಳಿದಿದ್ದವು. ಅವನ್ನೇ ಒಂದಿಷ್ಟು ಚಟ್ನಿಪುಡಿ ಜೊತೆ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಒಳಗೆ ಹೋಗಿ ಆ ಅರ್ಧ ಬುಟ್ಟಿಯ ಪಕ್ಕದಲ್ಲೇ ಕೂತಳು. ಏನಾದರೂ ಕೇಳಬೇಕು ಅಂದುಕೊಂಡಿದ್ದಳು. ಆದರೆ ಕಣ್ಣೀರು ಬಂತು.

ಅವನು ತಲೆ ಎತ್ತಿ ಅವಳನ್ನು ನೋಡಿದ. "ನಿನಗೂ ಹೀಗೇ ಇತ್ತೇನಕ್ಕಾ?" ಅಂದ. "ಇದು ಯಾವಾಗ ಹೋಗುತ್ತದೆ?"

"ಹೋಗುವುದಿಲ್ಲ ತಮ್ಮಾ. ಆದರೆ ಅನ್ನ ಸೇರುತ್ತದೆ."

ಮತ್ತೆ ಅತ್ತಳು. ಅಳುವವಳ ಕೈ ಖಾಲಿ ಇರುವುದು ಅವನಿಗೆ ನೋಡಲಾಗಲಿಲ್ಲ. ಸೆರಗಿನ ಗಂಟು ಬಿಚ್ಚಿ, ರೊಟ್ಟಿ ಮುರಿದು ಅವಳ ಕೈಗೆ ಇಟ್ಟ. ಇನ್ನೊಂದು ಚೂರನ್ನು ತಾನು ತಿಂದ. ತಿನ್ನುತ್ತ, "ನಮ್ಮ ಅಪ್ಪನಿಗೆ ಚಟ್ನಿಪುಡಿ ಖಾರ ಇರಬೇಕಿತ್ತು" ಅಂದ. ಆಮೇಲೆ ಅಪ್ಪನ ಮಾತು ನಿಲ್ಲಲೇ ಇಲ್ಲ.

ಅಜ್ಜ ಅಷ್ಟಕ್ಕೆ ನಿಲ್ಲಿಸಿದರು. ಸೋಸಿದ ಸೊಪ್ಪನ್ನು ಬುಟ್ಟಿಗೆ ತುಂಬಿಕೊಂಡರು. ಗುರುಪಾದ ಮೂಗು ಒರೆಸಿಕೊಂಡ.

"ಅಲ್ಲಿಗೆ ಅವಳ ಋಣ ತೀರಿತೇ, ಅಜ್ಜಾ?"

"ಜಗಲಿಯಲ್ಲಿ ನೀನು ಇಟ್ಟುಬಂದ ತಟ್ಟೆಗೆ ಇಷ್ಟು ಹೊತ್ತಿಗೆ ಇರುವೆ ಹತ್ತಿರಬೇಕು, ನೋಡು ಮಗಾ" ಅಂದರು ಅಜ್ಜ.

ಗುರುಪಾದ ಎದ್ದು ಜಗಲಿಗೆ ಹೋಗಿ ಆ ಹೊಸಬನ ಎದುರಿಗೆ ಕೂತ.