ಓಟಿನ ದಿನ ಬಂದ ಮಾದಪ್ಪ

ಓಟಿನ ದಿನ ಬೆಳಗ್ಗೆ ಪಕ್ಷದ ಮುಖಂಡ ಮರಿಸ್ವಾಮಪ್ಪ ದೇವರು ಮಾದಪ್ಪನ ಪಟ ಹಿಡಿದು ಒಂಟಿ ಹೆಂಗಸು ಶಿವನಂಜಮ್ಮನ ಮನೆಗೆ ಬಂದ. ಯಾವ ಪಕ್ಷಕ್ಕೂ ಸೇರದ ಓಟು ಆಕೆಯದು.

"ಪಟ ಮುಟ್ಟಿ ಆಣೆ ಮಾಡವ್ವ, ಓಟು ನಮಗೇ ಅಂತ."

ಮಾದಪ್ಪನ ಮೇಲೆ ಆಣೆಯಿಟ್ಟು ತಪ್ಪುವುದುಂಟೆ? ಆಕೆ ಪಟ ಈಸಿಕೊಂಡು ಮಣೆಯ ಮೇಲಿಟ್ಟು ಕೈಮುಗಿದಳು.

"ಮಾಡ್ತೀನಿ ಯಜಮಾನ್ರೇ. ಮೊದ್ಲು ನೀವು ಮುಟ್ಟಿ. ಗೆದ್ದ ಮೇಲೂ ಆಗಾಗ ಬಂದು, 'ಊಟ ಆಯ್ತಾ ಅವ್ವ' ಅಂತ ಕೇಳ್ತೀನಿ ಅನ್ನಿ. ಹಂಗೆ ನನ್ನ ಕೇಳೋರೇ ಇಲ್ಲ."

ಮರಿಸ್ವಾಮಪ್ಪ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. "ಇದಕ್ಕೆಲ್ಲ ದೇವರನ್ನ ಯಾಕವ್ವ ಎಳೀತೀಯ?"

"ಎತ್ಕೊಂಡು ಬಂದೋರು ನೀವೇ ಅಲ್ವಾ?"

ದೇವರ ಮನಸ್ಸು ಹೇಗಿದೆ ನೋಡಿ! ಆಣೆಯ ಮಾತು ಬಿಟ್ಟು ಆತ ಹೊರಟ ಅವಸರದಲ್ಲಿ ಪಟ ಮಣೆಯ ಮೇಲೇ ಉಳಿಯಿತು.

ಶಿವನಂಜಮ್ಮ ತನ್ನ ಮನಸ್ಸೊಪ್ಪಿದವರಿಗೆ ಓಟು ಹಾಕಿ ಬಂದು ದೀಪ ಹಚ್ಚಿದಳು.

"ಗೆದ್ದೋರು ಬರ್ತಾರೋ ಇಲ್ವೋ. ನೀನಂತೂ ಬಂದ್ಯಲ್ಲ ಮಾದಪ್ಪ. ಊಟ ಆಯ್ತಾ?"