ಓಗೊಡದ ಯಂತ್ರ

ಶಿಷ್ಯ ಕೇಳಿದ: “ಗುರುಗಳೇ, ನಾಳೆಯಿಂದ ನಾನು ಮುಖ್ಯ ಕಚೇರಿಯ ಅಧಿಕಾರಿ. ಹತ್ತಾರು ಊರಿನ ಯಂತ್ರಗಳು, ಅವುಗಳನ್ನು ನೋಡಿಕೊಳ್ಳುವ ಜನ, ಎಲ್ಲ ನನ್ನ ಕೈಕೆಳಗೆ. ನನ್ನ ಆಜ್ಞೆಗೆ ಎದುರಾಡುವವರನ್ನು ಏನು ಮಾಡಲಿ?”

ಗುರುಗಳು ಕಂಪ್ಯೂಟರ್ ವಿದ್ಯೆ ಕಲಿಸುತ್ತಲೇ ತಲೆ ನರೆತವರು. ಮೆತ್ತಗೆ ಮಾತಾಡಿ ಅಭ್ಯಾಸವಿರಲಿಲ್ಲ. “ಕುರ್ಚಿ ಇನ್ನೂ ಬೆಚ್ಚಗಾಗಿಲ್ಲ, ಆಗಲೇ ಬೆತ್ತ ಹುಡುಕುತ್ತಿದ್ದೀಯಲ್ಲ! ಕೂತುಕೊ, ಒಂದು ಕತೆ ಹೇಳುತ್ತೇನೆ” ಎಂದರು.

ಒಂದು ಊರಿನಲ್ಲಿ ಒಂದು ಹೆರಿಗೆ ಆಸ್ಪತ್ರೆ ಇತ್ತು. ಅದರ ಹಿಂದಿನ ಕೋಣೆಯಲ್ಲಿ ಒಂದು ದೊಡ್ಡ ಯಂತ್ರ. ನೀನು ಕಲಿತಂಥದ್ದೇ, ಒಂದೇ ಒಡಲಿನಲ್ಲಿ ಹಲವು ಯಂತ್ರಗಳನ್ನು ಹೊತ್ತದ್ದು. ಔಷಧಿ ವಿಭಾಗ ನಡೆಸುವುದು ಒಂದು, ಪ್ರಯೋಗಾಲಯದ್ದು ಒಂದು, ಯಾವ ರಕ್ತದ ಚೀಲ ಯಾರಿಗೆ ಹೊಂದುತ್ತದೆಂದು ಹೇಳುವುದು ಇನ್ನೊಂದು. ದೊಡ್ಡದು ಆರಿದರೆ ಒಳಗಿನವೆಲ್ಲ ಆರುತ್ತವೆ. ಅದನ್ನು ನೋಡಿಕೊಳ್ಳಲು ಒಬ್ಬ ಹೆಣ್ಣುಮಗಳಿದ್ದಳು.

ದೂರದ ನಗರದಲ್ಲಿ ಒಬ್ಬ ಅಧಿಕಾರಿ ಇದ್ದ. ಅವನ ಬಳಿ ಆಳುವ ಯಂತ್ರವೊಂದಿತ್ತು. ಊರೂರಿನ ಯಂತ್ರಗಳು ಸ್ವಲ್ಪ ಸ್ವಲ್ಪ ಹೊತ್ತಿಗೊಮ್ಮೆ ‘ಇದ್ದೇನೆ’ ಎಂದು ಅದಕ್ಕೆ ಸುದ್ದಿ ಕಳಿಸುತ್ತಿರಬೇಕು, ಅದು ಕಟ್ಟಳೆ. ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಸುದ್ದಿ ನಿಂತಿತು. ಪರದೆಯ ಮೇಲೆ ಆ ಯಂತ್ರದ ಹೆಸರು ಬೂದಿ ಬಣ್ಣಕ್ಕೆ ತಿರುಗಿ, ಪಕ್ಕದಲ್ಲಿ ‘ಓಗೊಡುತ್ತಿಲ್ಲ’ ಎಂದು ಬಂತು. ಅಧಿಕಾರಿ ಮತ್ತೆ ಜೋಡಿಸಿದ. ಅದು ಒಂದು ನಿಮಿಷ ಉಳಿದು ಮತ್ತೆ ಕಳಚಿಕೊಂಡಿತು. ಅವನು ಆಸ್ಪತ್ರೆಗೆ ಫೋನ್ ಮಾಡಿದ.

“ನಿಮ್ಮ ಯಂತ್ರ ಸತ್ತಿದೆ ಕಣಮ್ಮ. ಆಫ್ ಮಾಡಿ ಆನ್ ಮಾಡು.”

“ಸತ್ತಿಲ್ಲ ಸಾರ್. ಈಗ ತಾನೇ ರಕ್ತದ ಚೀಲ ಹೊಂದಿಸಿ ಕೊಟ್ಟಿದೆ. ಒಳಗೆ ಒಬ್ಬ ಬಾಣಂತಿಗೆ ರಕ್ತ ನಿಲ್ತಾ ಇಲ್ಲ, ಇನ್ನೂ ಚೀಲ ಬೇಕು. ಆಫ್ ಮಾಡಿದ್ರೆ ಎಲ್ಲಾ ಮತ್ತೆ ಏಳೋಕೆ ಅರ್ಧ ಗಂಟೆ ಬೇಕು. ಅವಳ ಹತ್ರ ಅಷ್ಟು ಹೊತ್ತಿಲ್ಲ.”

“ನನ್ನ ಪರದೇಲಿ ಸತ್ತಿದೆ ಅಂತಿದೆ. ಇದು ಆರ್ಡರ್. ಮಾಡ್ದಿದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ.”

“ನಾಳೆ ಬರಲ್ಲ ಸಾರ್. ಇವತ್ತು ಮಾತ್ರ ಈ ಸ್ವಿಚ್ ಮುಟ್ಟೋಕೆ ಯಾರನ್ನೂ ಬಿಡಲ್ಲ.”

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಪೈಕಿ ಆಕೆ ಇರಲಿಲ್ಲ. ಕೋಣೆಯ ಬಾಗಿಲಿಗೆ ಕುರ್ಚಿ ಅಡ್ಡ ಎಳೆದು ಕೂತಳು. ದೊಡ್ಡ ಯಂತ್ರವನ್ನು ಹಾಗೇ ಬಿಟ್ಟು, ಅದರಲ್ಲಿ ಸುದ್ದಿ ಕಳಿಸುವ ಕೆಲಸವನ್ನಷ್ಟೇ ನಿಲ್ಲಿಸಿ ಮತ್ತೆ ಶುರು ಮಾಡಿದಳು. ಒಳಗಿನ ಯಂತ್ರಗಳಿಗೆ ಅದು ಗೊತ್ತೇ ಆಗಲಿಲ್ಲ. ಆದರೂ ಸಂಪರ್ಕ ಬಂದು ಒಂದು ನಿಮಿಷ ಉಳಿದು ಮತ್ತೆ ಕಳಚಿತು.

ಆಗ ಆಕೆ ಯಂತ್ರದಿಂದ ಹೊರಗೆ ಹೋಗುವ ಸುದ್ದಿಯನ್ನೇ ಕಾದು ನೋಡಿದಳು. ‘ಇದ್ದೇನೆ, ಇದ್ದೇನೆ’ ಎಂದು ಅದು ತಪ್ಪದೆ ಕೂಗುತ್ತಲೇ ಇತ್ತು. ಜೋಡಿಸಿದಾಗ ನಗರದ ಕಚೇರಿಯಿಂದ ಕೇಳಿದ್ದು ಇಲ್ಲಿಗೆ ಮುಟ್ಟುತ್ತಿದೆ, ಇಲ್ಲಿಂದ ತಾನಾಗಿ ಹೇಳಿದ್ದು ಅಲ್ಲಿಗೆ ಮುಟ್ಟುತ್ತಿಲ್ಲ ಎಂದು ಆಕೆಗೆ ತಿಳಿಯಿತು. ಅಧಿಕಾರಿಯ ಕಚೇರಿಯವರಿಗೆ ಫೋನ್ ಮಾಡಿ, ನಿಮ್ಮ ಕಡೆ ಇವತ್ತು ಏನು ಬದಲಾಗಿದೆ ನೋಡಿ ಎಂದಳು.

ಬದಲಾಗಿತ್ತು. ಕಳ್ಳರ ಭಯಕ್ಕೆ ಅಧಿಕಾರಿ ಆ ಮಧ್ಯಾಹ್ನವೇ ತನ್ನ ಯಂತ್ರದ ಸುತ್ತ ಹೊಸ ಕಾವಲುಗೋಡೆ ಹಾಕಲು ಶುರು ಮಾಡಿದ್ದ, ಮೊದಲ ಸರದಿ ಆಸ್ಪತ್ರೆಯ ಕಡೆಯದು. ತನ್ನ ಆಜ್ಞೆ ಹೊರಗೆ ಹೋಗಲು ಅದರಲ್ಲಿ ಬಾಗಿಲಿಟ್ಟಿದ್ದ. ತಾನು ಕೇಳಿದ್ದಕ್ಕೆ ಉತ್ತರ ಬರಲೂ ಬಾಗಿಲಿತ್ತು. ಕೇಳದೆ ಬರುವ ಮಾತಿಗೆ ಮಾತ್ರ ಬಾಗಿಲಿರಲಿಲ್ಲ. ಅಂಥ ಮಾತೂ ಬೇಕಾಗುತ್ತದೆ ಎಂದು ಅವನಿಗೆ ಹೊಳೆದೇ ಇರಲಿಲ್ಲ.

ಕಚೇರಿಯವರು ಆ ಬಾಗಿಲು ತೆರೆದರು. ಬೂದಿ ಬಣ್ಣ ಹೋಗಿ ಹೆಸರು ಮೊದಲಿನಂತಾಯಿತು. ಅಷ್ಟರಲ್ಲಿ ಬಾಣಂತಿಗೆ ಬೇಕಾದ ಕೊನೆಯ ಚೀಲವನ್ನೂ ಹೊಂದಿಸಿ ಕೊಟ್ಟಾಗಿತ್ತು. ಅವಳು ಕಣ್ಣು ಬಿಟ್ಟು ಮಗು ಎಲ್ಲಿ ಎಂದು ಕೇಳಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

“ಜೀವ ಉಳಿದದ್ದು ಸಂತೋಷ. ಆದರೂ ಆಕೆ ಆಜ್ಞೆ ಮೀರಿದ್ದು ನಿಜ ತಾನೇ? ಅಧಿಕಾರಿ ಆಕೆಯನ್ನು ಏನು ಮಾಡಿದ?”

“ಹೇಳಿದಂತೆ ಕೆಲಸದಿಂದ ತೆಗೆದ. ಆಕೆಯ ಜಾಗಕ್ಕೆ ಹೇಳಿದ್ದನ್ನು ಕೂಡಲೇ ಮಾಡುವವನನ್ನು ತಂದು ಕೂರಿಸಿದ.”

“ಆಮೇಲೆ?”

ಗುರುಗಳು ಎದ್ದು ನಿಂತರು. “ಆಮೇಲೆ ಇನ್ನೊಮ್ಮೆ ಪರದೆ ಬೂದಿ ಬಣ್ಣಕ್ಕೆ ತಿರುಗಿತು, ಅಧಿಕಾರಿ ಹೇಳಿದ ಕೂಡಲೇ ಹೊಸಬ ಆಫ್ ಮಾಡಿದ, ನಾಳೆ ನೀನು ಕೂರುವ ಕುರ್ಚಿ ಖಾಲಿಯಾದದ್ದು ಹಾಗೆ.”