ಅಳಿವೆಯ ಮರಳು

“ಗುರುಗಳೇ, ಪರದೇಶದ ಓದನ್ನು ಕೊನೆಯವರೆಗೆ ತಾಳಿಕೊಳ್ಳುವುದು ಹೇಗೆ?” ಎಂದು ಮೃತ್ಯುಂಜಯ ಕೇಳಿದ.

ಅವನು ದೂರದೇಶದ ವಿಶ್ವವಿದ್ಯಾಲಯವೊಂದರಲ್ಲಿ ಡಾಕ್ಟರೇಟಿಗಾಗಿ ಸಂಶೋಧನೆ ಮಾಡುತ್ತಿದ್ದ. ರಜೆಗೆ ಬಂದಿದ್ದವನು ಮರಳಿ ಹೊರಡುವ ಮುನ್ನ ಮಠಕ್ಕೆ ಬಂದಿದ್ದ. ಅವನ ಓರಗೆಯವರೆಲ್ಲ ಕೆಲಸ ಹಿಡಿದಿದ್ದರು. ಅವನ ಪ್ರಬಂಧ ಮಾತ್ರ ಮುಗಿಯುವ ಲಕ್ಷಣವಿರಲಿಲ್ಲ. ವಿಮಾನ ಹತ್ತಲು ಅವನಿಗೆ ಮನಸ್ಸಿರಲಿಲ್ಲ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಕತೆ ಹೇಳಿದರು.

ಸೋಮಿದೇವನೆಂಬ ಯುವಕ ಓದಲೆಂದು ಕಡಲಾಚೆಯ ರಾಜ್ಯಕ್ಕೆ ಹೋದ. ಅಲ್ಲಿನ ವಿದ್ಯಾಶಾಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಒಂದೊಂದು ಪ್ರಶ್ನೆ ಕೊಡುತ್ತಿದ್ದರು. ಅದಕ್ಕೆ ಅಲ್ಲಿಯವರೆಗೆ ಯಾರೂ ಉತ್ತರ ಕಂಡಿರಬಾರದು. ಉತ್ತರ ಕಂಡುಕೊಂಡು ಪಂಡಿತರ ಸಭೆಯಲ್ಲಿ ಗೆದ್ದವನಿಗೆ ಆಚಾರ್ಯ ಪದವಿ.

ಆ ಊರಿನ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಪ್ರತಿ ಮಳೆಗಾಲದಲ್ಲೂ ಮರಳಿನ ದಿಬ್ಬ ಜಾಗ ಬದಲಿಸುತ್ತಿತ್ತು. ಮಳೆ ನಿಂತ ಮೇಲೆ ಬರುವ ಮೊದಲ ದೋಣಿಗಳು ಅದಕ್ಕೆ ಬಡಿದು ಮಗುಚುತ್ತಿದ್ದವು. ಜನ ಸಾಯುತ್ತಿದ್ದರು. ದಿಬ್ಬ ಎಲ್ಲಿ ಏಳುತ್ತದೆ ಎಂದು ಮೊದಲೇ ಹೇಳಲು ಸಾಧ್ಯವೇ? ಇದು ಸೋಮಿದೇವನ ಪಾಲಿಗೆ ಬಂದ ಪ್ರಶ್ನೆ.

ಹೊಳೆಯ ನೆರೆಯೇ ಮರಳನ್ನು ತರುತ್ತದೆ ಎಂದುಕೊಂಡು ಅವನು ನೆರೆಯ ಸೆಳೆತವನ್ನು ಅಳೆದ. ಮಳೆಗಾಲ ಮುಗಿದಾಗ ದಿಬ್ಬ ಬೇರೆಲ್ಲೋ ಎದ್ದಿತ್ತು. ಮಳೆ ಬರುವುದು ವರ್ಷಕ್ಕೊಮ್ಮೆ. ಒಂದು ತಪ್ಪಿಗೆ ಒಂದು ವರ್ಷ ಹೋಯಿತು. ಉಬ್ಬರವಿಳಿತವನ್ನು ನಂಬಿದ. ಇನ್ನೊಂದು ವರ್ಷ ಹೋಯಿತು. ಎರಡನ್ನೂ ಕೂಡಿಸಿ ನೋಡಿದ. ಅದೂ ಸುಳ್ಳಾಯಿತು. ಅವನ ಆಚಾರ್ಯರು ಬೈಯಲಿಲ್ಲ. “ಇನ್ನೊಮ್ಮೆ ನೋಡು” ಎಂದಷ್ಟೇ ಹೇಳಿದರು. ಬೈದಿದ್ದರೇ ಚೆನ್ನಾಗಿತ್ತು ಎಂದು ಸೋಮಿದೇವನಿಗೆ ಅನ್ನಿಸಿತು.

ಊರ ಕಡೆಯಿಂದ ಬಂದ ಹಡಗಿನವರು ಅವನ ತಾಯಿಯ ಮಾತನ್ನು ತಲುಪಿಸಿದರು. “ಇನ್ನೂ ಮುಗಿಯಲಿಲ್ಲವೇ ಮಗನೇ?” ಅಷ್ಟೇ ಮಾತು. ಅವನು ಅವರಿಗೆ ಎಳನೀರು ಕೊಡಿಸಿ, ಮುಗಿಯುತ್ತಾ ಬಂತು ಎಂದು ಹೇಳಿ ಕಳುಹಿಸಿದ. ಆಮೇಲೆ ಬಂದರಿನ ಕಡೆಗೆ ಹೋಗುವುದನ್ನೇ ಬಿಟ್ಟ. ಆಚಾರ್ಯರು ಎದುರಾದಾರೆಂದು ಸುತ್ತುಬಳಸಿನ ದಾರಿ ಹಿಡಿದ. ಅಕ್ಕಪಕ್ಕದ ಕೋಣೆಗಳಿಂದ ಓದುವ ದನಿ ಕೇಳಿದಾಗೆಲ್ಲ, ಎಲ್ಲರೂ ಮುಂದೆ ಹೋದರು, ತಾನೊಬ್ಬನೇ ದಡ್ಡ, ಯಾರದೋ ಕಣ್ತಪ್ಪಿನಿಂದ ಈ ಶಾಲೆಗೆ ಬಂದುಬಿಟ್ಟೆ ಎಂದು ಕುಗ್ಗಿದ.

ಒಂದು ದಿನ ಬಟ್ಟೆ ಗಂಟು ಕಟ್ಟಿದ. ಊಟ ಮಾಡಿಕೊಂಡು ಯಾರಿಗೂ ಹೇಳದೆ ಹೊರಟುಬಿಡೋಣವೆಂದು ಊಟದ ಮನೆಗೆ ಬಂದ. ಪಕ್ಕದಲ್ಲಿ ಮರಳುನಾಡಿನಿಂದ ಬಂದ ವಿದ್ಯಾರ್ಥಿ ಕೂತಿದ್ದ. ಒಂದೇ ಸಾಲಿನ ಕೋಣೆಗಳಲ್ಲಿದ್ದರೂ ಇಬ್ಬರಿಗೂ ಮಾತಿನ ಬಳಕೆ ಇರಲಿಲ್ಲ. ಅವನು ಉಪ್ಪು ಕೇಳಿದ. ಉಪ್ಪು ಕೊಡಲು ಹೋದ ಸೋಮಿದೇವ, ಏಕೆಂದು ತನಗೇ ತಿಳಿಯದೆ, ಎಲ್ಲರ ಎದುರು ಬಿಕ್ಕಿಬಿಕ್ಕಿ ಅತ್ತುಬಿಟ್ಟ.

“ಗಂಟು ಕಟ್ಟಿದೆಯಾ?” ಎಂದು ಮರಳುನಾಡಿನವನು ಕೇಳಿದ.

ಸೋಮಿದೇವ ತಲೆಯಾಡಿಸಿದ.

“ನಾನು ಹೋದ ವರ್ಷವೇ ಕಟ್ಟಿದ್ದೇನೆ. ಬಟ್ಟೆ ಬೇಕಾದಾಗ ಒಂದೊಂದೇ ಎಳೆದುಕೊಳ್ಳುತ್ತೇನೆ.”

ಎದುರಿಗೆ ಕೂತವನು ನಕ್ಕ. “ನಾನು ಓದುವುದೇ ಇಲ್ಲ. ಓದುತ್ತಿದ್ದೇನೆಂದು ಅಕ್ಕಪಕ್ಕದವರು ತಿಳಿಯಲಿ ಅಂತ ಹಳೆಯ ಪಾಠವನ್ನೇ ಗಟ್ಟಿಯಾಗಿ ಹೇಳುತ್ತೇನೆ” ಎಂದ. ಇನ್ನೊಬ್ಬ ತಾನೂ ಹಾಗೆಯೇ ಎಂದ. ಸಾಲಿನಲ್ಲಿ ಕೂತವರೆಲ್ಲ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಉಂಡ ಎಲೆಗಳು ಒಣಗಿದವು. ಯಾರೂ ಏಳಲಿಲ್ಲ.

ಅಂದಿನಿಂದ ಅವರು ತಮ್ಮ ತಮ್ಮ ಪ್ರಶ್ನೆಗಳನ್ನು ಊಟದ ಹೊತ್ತಿನಲ್ಲಿ ಹಂಚಿಕೊಳ್ಳತೊಡಗಿದರು. ಸೋಮಿದೇವನ ಪ್ರಶ್ನೆ ಕೇಳಿ ಮರಳುನಾಡಿನವನು, “ನಮ್ಮಲ್ಲಿ ಮರಳನ್ನು ಓಡಿಸುವುದು ಗಾಳಿ. ನೀನು ಗಾಳಿಯನ್ನು ನೋಡಿದ್ದೀಯಾ?” ಎಂದ.

ಸೋಮಿದೇವ ನೋಡಿರಲಿಲ್ಲ. ಆ ಮಳೆಗಾಲವಿಡೀ ಗೆಳೆಯರ ಜೊತೆ ದಂಡೆಯಲ್ಲಿ ನೆನೆದ. ದಂಡೆಯುದ್ದಕ್ಕೂ ಗೂಟ ನೆಟ್ಟು ನೋಡಿದ. ಗಾಳಿ ಅಲೆಗಳನ್ನು ಓರೆಯಾಗಿ ಅಟ್ಟುತ್ತಿತ್ತು. ಅಲೆಗಳು ದಂಡೆಯ ಮರಳನ್ನು ಪಕ್ಕಕ್ಕೆ ಎಳೆದೆಳೆದು ಅಳಿವೆಗೆ ತರುತ್ತಿದ್ದವು. ಅಲ್ಲಿ ಹೊಳೆಯ ನೆರೆ ಅವನ್ನು ತಡೆಯುತ್ತಿತ್ತು. ಎರಡೂ ಸಂಧಿಸುವ ಕಡೆ ದಿಬ್ಬ ಏಳಲೇಬೇಕು. ಅವನ ಹಳೆಯ ಅಳತೆಗಳೆಲ್ಲ ಈಗ ಕೆಲಸಕ್ಕೆ ಬಂದವು.

ಮಳೆ ನಿಂತಿತು. ಸಭೆ ಸೇರಿತು. ದಿಬ್ಬ ತೆಂಕಣ ದಡಕ್ಕಿದೆ, ಬಡಗಣ ದಡದ ಪಕ್ಕದಲ್ಲಿ ದಾರಿಯಿದೆ ಎಂದು ಸೋಮಿದೇವ ಹೇಳಿದ. ಒಬ್ಬ ಹಿರಿಯ ಪಂಡಿತರು ಎದ್ದರು. “ನೀನು ಹಿಂದೆಯೂ ಹೇಳಿದ್ದೆ. ನಿನ್ನ ಮಾತು ನಂಬಿ ಯಾರು ದೋಣಿ ಹತ್ತುತ್ತಾರೆ?”

“ಮೊದಲ ದೋಣಿಗೆ ನಾನೇ ಹತ್ತುತ್ತೇನೆ” ಎಂದ ಸೋಮಿದೇವ.

ಈಜು ಬಾರದ ಮರಳುನಾಡಿನವನು ಅವನಿಗಿಂತ ಮೊದಲೇ ಹೋಗಿ ದೋಣಿಯಲ್ಲಿ ಕೂತಿದ್ದ.

ದೋಣಿ ಕಡಲಿಗಿಳಿದು, ದೂರ ಹೋಗಿ, ಅಳಿವೆಯತ್ತ ತಿರುಗಿತು. ದಂಡೆಯಲ್ಲಿ ಊರಿಗೆ ಊರೇ ನಿಂತಿತ್ತು. ಎಡಕ್ಕೆ ನೀರು ನೊರೆಗಟ್ಟಿ ಒಡೆಯುತ್ತಿತ್ತು. ಅದೇ ದಿಬ್ಬ. ಸೋಮಿದೇವ ಬಲಕ್ಕೆ ಕೈ ತೋರಿಸಿದ. ಅಂಬಿಗ ಚುಕ್ಕಾಣಿ ತಿರುಗಿಸಿದ. ಒಂದು ದೊಡ್ಡ ಅಲೆ ದೋಣಿಯನ್ನು ಎತ್ತಿ, ಆಳ ನೀರಿನ ಮೇಲೆ ಮೆಲ್ಲಗೆ ಇಳಿಸಿತು. ದೋಣಿ ಹೊಳೆಯೊಳಕ್ಕೆ ಬಂತು. ಅದರ ಹಿಂದೆ ಎರಡನೆಯದು, ಮೂರನೆಯದು, ಕಡಲಲ್ಲಿ ಕಾದಿದ್ದ ಅಷ್ಟೂ ದೋಣಿಗಳು ಒಂದೊಂದಾಗಿ ಒಳಗೆ ಬಂದವು. ಒಂದೂ ಮಗುಚಲಿಲ್ಲ.

ದಂಡೆಯಲ್ಲಿ ಕೂಗೆದ್ದಿತು. ಮೀನುಗಾರ್ತಿಯರು ಬುಟ್ಟಿ ಬಡಿದು ಕುಣಿದರು. ಆಚಾರ್ಯರು ಉಟ್ಟ ಪಂಚೆಯಲ್ಲೇ ನೀರಿಗಿಳಿದು ಬಂದರು. ಸೋಮಿದೇವನ ಕೈ ಹಿಡಿದು, “ಇಳಿಯಿರಿ, ಆಚಾರ್ಯರೇ” ಎಂದರು. ಅವರು ಅವನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ಸಭೆಯಲ್ಲಿ ಎದ್ದು ಪ್ರಶ್ನಿಸಿದ್ದ ಹಿರಿಯ ಪಂಡಿತರೇ ಅವನಿಗೆ ಶಾಲು ಹೊದಿಸಿದರು. ಮುಂದಿನ ವರ್ಷ ಅದೇ ಸಭೆಯಲ್ಲಿ ಮರಳುನಾಡಿನವನೂ ಗೆದ್ದ.

ಗುರುಗಳು ಕತೆ ನಿಲ್ಲಿಸಿದರು.

ಮೃತ್ಯುಂಜಯನ ಮುಖ ಅರಳಿತ್ತು. ಮತ್ತೆ ಬಾಡಿತು. “ಅವನಿಗೆ ಅಂಥ ಗೆಳೆಯರಿದ್ದರು ಗುರುಗಳೇ. ಅಲ್ಲಿ ನನಗೆ ಯಾರಿದ್ದಾರೆ? ನಾನು ಒಬ್ಬನೇ.”

ಗುರುಗಳು ಹೇಳಿದರು: “ನಿನ್ನ ಪಕ್ಕದ ಕೋಣೆಯವನೂ ಈಗ ಇದೇ ಮಾತು ಹೇಳುತ್ತಿದ್ದಾನೆ.”